ನಡುಗಡ್ಡೆ ಹಟ್ಟಿಯ ಗಣೆ

ಎಪ್ಪತ್ನಾಲ್ಕನೇ ಇಸವಿಯ ಕಾರ್ತಿಕ. ಹುರುಳಿ ಕೀಳುವ ಕಾಲ. ಬಿಸಿಲೇರಿದರೆ ಕಾಯಿ ಸಿಡಿದು ಕಾಳೆಲ್ಲ ಮಣ್ಣುಪಾಲಾಗುತ್ತದೆ. ಇಬ್ಬನಿ ಇರುವಾಗಲೇ ಗಿಡ ಕಿತ್ತು ಮುಗಿಸಬೇಕು. ಅಂದೂ ನಡುಗಡ್ಡೆ ಹಟ್ಟಿಯ ಇಪ್ಪತ್ತೆರಡು ಗುಡಿಸಲುಗಳ ಜನ ಕೋಳಿ ಕೂಗಿದ ಹಿಂದೆಯೇ ಹೊಲದಲ್ಲಿ ಬಗ್ಗಿದ್ದರು. ಮಾರಿಕಣಿವೆಯ ಹಿನ್ನೀರು ಏರಿದ ವರ್ಷ ಹಟ್ಟಿ ಇದ್ದ ದಿಬ್ಬದ ಸುತ್ತ ನೀರು ನಿಂತು, ಶಿವರಾತ್ರಿಯವರೆಗೂ ಹಟ್ಟಿ ಒಂಟಿಯಾಗುತ್ತಿತ್ತು. ಆ ವರ್ಷವೂ ಹಾಗೇ ಆಗಿ, ಆಚೆ ದಂಡೆಗೆ ಸಣ್ಣತಿಮ್ಮಪ್ಪನ ಹರಿಗೋಲೊಂದೇ ದಾರಿ.

ಬಿಸಿಲು ಬಿದ್ದು ಗಿಡ ಆರತೊಡಗಿದಾಗ ಪೂಜಾರಿ ಕಾಟಲಿಂಗಪ್ಪ ಸೊಂಟ ಹಿಡಿದುಕೊಂಡು ಎದ್ದು, ಮಿಂದು ಗುಡಿಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಕೂಗು ಕೇಳಿಸಿತು.

"ಗಣೆ ಇಲ್ಲ! ದೇವರ ಗಣೆ ಹೋಗೈತೆ!"

ಗಣೆಯೆಂದರೆ ಎದೆಮಟ್ಟದ ಬಿದಿರಿನ ಕೊಳಲು. ನಾಲ್ಕು ತಲೆಮಾರಿನದು. ಕರಿ ಉಣ್ಣೆಯ ಚೀಲದಲ್ಲಿ ಗುಡಿಯ ಜಂತಿಗೆ ತೂಗಿರುತ್ತಿತ್ತು. ಅದನ್ನೂದಿದರೇ ದೇವರ ಕತೆ ಏಳುವುದು. ಆ ಕತೆ ಹಿಡಿದುಕೊಳ್ಳಲು ಅಂದು ಮಧ್ಯಾಹ್ನ ರೇಡಿಯೋದ ಮುರುಗೇಶಪ್ಪ ಚಿತ್ರದುರ್ಗದಿಂದ ಧ್ವನಿ ಹಿಡಿಯುವ ಪೆಟ್ಟಿಗೆ ತರುವವನಿದ್ದ. ಅದಕ್ಕೆಂದೇ ಹಿಂದಿನ ಸಂಜೆ ಗುಡಿಯ ನೆಲವನ್ನು ಸಗಣಿಯಿಂದ ಸಾರಿಸಿದ್ದರು.

ಹುಡುಕುತ್ತ ಹೊರಟವರಿಗೆ ಎತ್ತಪ್ಪನ ಕುರಿರೊಪ್ಪದ ಮುಳ್ಳುಬೇಲಿಯ ಮೇಲೆ ಖಾಲಿ ಚೀಲ ಸಿಕ್ಕಿತು. ಎತ್ತಪ್ಪ ಮೂವತ್ತರ ಹರೆಯದವನು. ಹನ್ನೆರಡು ವರ್ಷ ಮುದುಕ ಜುಂಜಯ್ಯನ ಕುರಿ ಕಾಯ್ದು ಅವನಿಂದ ಗಣೆ ಕಲಿತವನು. ಜನ ಮೂಡಣ ಇಳಿಜಾರಿಗೆ ಓಡಿದರು. ಎಲ್ಲರಿಗಿಂತ ಮುಂದೆ ಸಣ್ಣತಿಮ್ಮಪ್ಪನೇ ಇದ್ದ. ಕುರಿಗಳ ನಡುವೆ ಕಂಬಳಿ ಹೊದ್ದು ಕೂತಿದ್ದವನ ಜುಟ್ಟು ಹಿಡಿದು ಹಟ್ಟಿಯ ಕಟ್ಟೆಯವರೆಗೂ ಎಳೆತಂದ.

"ರೇಡಿಯೋದವ್ನಿಗೆ ಮಾರಾಕೆ ಕದ್ದೀಯೇನಲೇ?"

"ನಾನು ಮುಟ್ಟಿಲ್ಲ ಮಾವ. ಕೋಳಿ ಕೂಗಿದಾಗ ಕುರಿ ಹೊಡ್ಕಂಡು ಹೋದೋನು ನಾನು. ನೀವೇ ನೋಡೀರಲ್ಲ."

"ಕುರಿ ಬಿಟ್ಟು ತಿರುಗಿ ಬರಾಕೆ ಎಷ್ಟೊತ್ತು ಬೇಕು?" ಎಂದ ಕಾಟಲಿಂಗಪ್ಪ. ಹಟ್ಟಿಯ ಯಜಮಾನಿಕೆಯೂ ಅವನದೇ. "ಹೊತ್ತು ನೆತ್ತಿಗೆ ಬರೋದ್ರಾಗೆ ಗಣೆ ಬರಬೇಕು. ಇಲ್ಲಾಂದ್ರೆ ಈ ಹಟ್ಟಿ ಬೆಂಕಿ, ನೀರು ನಿನಗಿಲ್ಲ. ಬದುಕಿರಾಗಂಟ ಯಾವ ಗಣೆಗೂ ನೀನು ಬಾಯಿ ಹಚ್ಚಂಗಿಲ್ಲ."

ಎತ್ತಪ್ಪ ಗುರುವಿನ ಕಡೆ ನೋಡಿದ. ಬೆನ್ನುನೋವೆಂದು ಬೆಳಿಗ್ಗೆ ಹೊಲಕ್ಕೆ ಬಾರದಿದ್ದ ಜುಂಜಯ್ಯ ಕಟ್ಟೆಯ ತುದಿಯಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಕೆಮ್ಮುತ್ತ ಕೂತಿದ್ದ. ಕಣ್ಣೆತ್ತಲಿಲ್ಲ.

ಸಣ್ಣತಿಮ್ಮಪ್ಪ ಹರಿಗೋಲಿನ ಕಡೆ ಹೋಗಿ ನೋಡಿದ. ದಂಡೆಯ ಮೇಲೆ ಬೋರಲು ಹಾಕಿದ್ದು ಹಾಗೇ ಇತ್ತು; ತೊಗಲು ಒಣಗಿತ್ತು. ಅಂದರೆ ಗಣೆ ನಡುಗಡ್ಡೆ ದಾಟಿಲ್ಲ. ಯಾಕೋ ಮನಸ್ಸು ಕೆಟ್ಟು, ಅವನ ಕಾಲುಗಳು ಯಲ್ಲಕ್ಕನ ಕಡೆ ನಡೆದವು.

ಯಲ್ಲಕ್ಕ ಹಟ್ಟಿಯ ಸೂಲಗಿತ್ತಿ. ಅರ್ಧ ಹಟ್ಟಿಯ ಹೊಕ್ಕುಳು ಕೊಯ್ದವಳು. ಕಳೆದ ಕಾಲ್ಗಡಗ, ಸತ್ತ ನಾಯಿ, ಮುರಿದ ಸಂಬಂಧ, ಏನಿದ್ದರೂ ಜನ ಬರುವುದು ಅವಳ ಹತ್ತಿರ. ಎಂಟು ದಿನದ ಹಿಂದೆ ಚಿತ್ತಮ್ಮನಿಗೆ ಹೆರಿಗೆ ಮಾಡಿಸಿ ಮೈಲಿಗೆಯಲ್ಲಿದ್ದಳು. ಇನ್ನೂ ಮೂರು ದಿನ ಗುಡಿಯ ಹತ್ತಿರ ಸುಳಿಯುವಂತಿಲ್ಲ. ಹಟ್ಟಿಯಾಚೆಯ ಬಾಣಂತಿ ಗುಡಿಸಲ ಮುಂದೆ ಕೂಸಿಗೆ ಎಳೆಬಿಸಿಲು ಕಾಯಿಸುತ್ತಿದ್ದಳು.

"ಶೂರ ಬಂದ," ಎಂದಳು. "ಜುಟ್ಟು ಹಿಡಿದ ಕೈ ಇದೇ ಏನು?"

"ಚೀಲ ಅವನ ಬೇಲಿ ಮ್ಯಾಲಿತ್ತು, ಯಲ್ಲಕ್ಕ."

"ನನಗೆ ಅಲ್ಲಿಗೆ ಬರಾಕಾಗಲ್ಲ. ನಿನ್ನ ಕಣ್ಣು ಸಾಲ ಕೊಡು. ಚೀಲ ಒದ್ದೆ ಇತ್ತಾ?"

ಸಣ್ಣತಿಮ್ಮಪ್ಪ ನೆನೆಸಿಕೊಂಡ. "ಇಲ್ಲ. ಬೇಲಿ ಮುಳ್ಳೆಲ್ಲ ಇನ್ನೂ ಹನಿ ಹನಿ ಇದ್ವು. ಚೀಲ ಒಣಗಿತ್ತು."

"ಉಣ್ಣೆ ಇಬ್ಬನೀನ ಹೀರ್ಕಂತೈತೆ. ಅಂದ್ರೆ ಬಿಸಿಲು ಬಿದ್ದ ಮ್ಯಾಲೆ ಅಲ್ಲಿಗೆ ಬಂದಿದ್ದು. ಎತ್ತಪ್ಪನ ಜುಟ್ಟು ಹೆಂಗಿತ್ತು?"

"ಅದೇನು ಕೇಳ್ತೀಯ? ಧೂಳು, ಒಣಹುಲ್ಲು. ರೊಪ್ಪದಾಗೆ ಮಲಗಿದ ತಲೆ."

"ಹೂಂ. ಈಗ ಮಿಂದು ಗುಡಿಗೆ ಹೋಗು. ನೆಲ ನೋಡ್ಕಂಡು ಬಾ. ಗ್ವಾಡೆ ನೋಡ್ಬ್ಯಾಡ, ನೆಲ."

ಅವನು ಮಿಂದು, ಗುಡಿಯ ಬಾಗಿಲಲ್ಲಿ ಬಗ್ಗಿ ನೋಡಿದ. ಸಾರಿಸಿದ ನೆಲದ ಮೇಲೆ ಹೊಸ್ತಿಲಿನಿಂದ ಜಂತಿಯ ಕೆಳಗಿನವರೆಗೆ ಸಣ್ಣ ಸಣ್ಣ ಗುಳಿ, ಮತ್ತೆ ವಾಪಸು. ಮಳೆಹನಿ ಬಿದ್ದು ಒಣಗಿದಂತೆ. ನಡುನಡುವೆ ಬರಿಗಾಲಿನ ಬೆರಳ ಗುರುತು. ಕಾಟಲಿಂಗಪ್ಪ ಹೊಸ್ತಿಲಲ್ಲೇ ಕೂಗಿ ಹಿಂದೆ ಸರಿದಿದ್ದನಂತೆ. ಅವನ ನಂತರ ಒಳಗೆ ಯಾರೂ ಕಾಲಿಟ್ಟಿರಲಿಲ್ಲ. ಜಂತಿಯ ಕೆಳಗೆ ಹೊಸದಾಗಿ ಎರಡು ತುಂಬೆ ಹೂ ಬೇರೆ ಇದ್ದವು.

ಇದನ್ನು ಕೇಳಿ ಯಲ್ಲಕ್ಕ ಕೂಸಿನ ಮಗ್ಗುಲು ಬದಲಿಸಿದಳು. ಅವಳ ಮುಖ ಗೆದ್ದವರ ಮುಖದಂತೆ ಇರಲಿಲ್ಲ.

"ತಲೆ ಮ್ಯಾಲೆ ನೀರು ಹುಯ್ಕಂಡು, ಒದ್ದೆಪಂಚೇಲಿ ಬಂದು, ಹೂ ಇಟ್ಟು, ಆಮ್ಯಾಲೆ ಕದ್ದಾನೆ. ಇಂಥ ಕಳ್ಳ ನಮ್ಮ ಹಟ್ಟಿಯಾಗೆ ಮಾತ್ರ ಹುಟ್ಟಾಕೆ ಸಾಧ್ಯ. ಚೀಲ ಯಾಕೆ ಬಿಟ್ಟ ಹೇಳು."

"ಎತ್ತಪ್ಪನ ಮ್ಯಾಲೆ ಹಾಕಾಕೆ."

"ದೇವರಿಗೆ ಹೂ ಇಟ್ಟೋನು ಅಷ್ಟು ಮುಂದಾಲೋಚನೆ ಮಾಡಿರಲ್ಲ. ಈ ಒಣಗಾಳಿಗೆ ಹಳೇ ಬಿದಿರು ಚೀಲದಿಂದ ಹೊರಗಿದ್ರೆ ಏನಾಗ್ತೈತೆ?"

"ಸೀಳು ಬಿಡ್ತೈತೆ. ಅದಕ್ಕೇ ಆಗಾಗ ನೀರು ಕುಡಿಸ್ತಾರೆ."

ಹೇಳಿ ಮುಗಿಸಿದ ಮೇಲೆ ಅವನಿಗೇ ಹೊಳೆಯಿತು. ಗಣೆಯನ್ನು ನೆಲಕ್ಕೆ ತಾಗಿಸುವಂತಿಲ್ಲ, ಮನೆಯೊಳಗೆ ತರುವಂತಿಲ್ಲ. ಉಳಿದಿದ್ದು ನೀರು.

"ಮೀಯೋ ಬಂಡೆ ಹತ್ರ ನೋಡು. ಮುಟ್ಬ್ಯಾಡ. ನೋಡಿ, ಎಲ್ರನ್ನೂ ಕಟ್ಟೆಗೆ ಕರಿ."

ಬಂಡೆಯ ಪಕ್ಕದ ಹೊಂಗೆಯ ಬೇರಿಗೆ ಒಂದು ಉಣ್ಣೆಹುರಿ ಕಟ್ಟಿತ್ತು. ಹುರಿ ನೀರೊಳಗೆ ಇಳಿದಿತ್ತು. ಕೆಳಗೆ, ಕಲ್ಲಿನ ಸಂದಿಯಲ್ಲಿ, ಉದ್ದನೆಯ ಕಂದುನೆರಳು.

ಜನ ಕಟ್ಟೆಯ ಸುತ್ತ ಸೇರಿದರು. ಮೈಲಿಗೆಯ ಯಲ್ಲಕ್ಕ ಹತ್ತು ಮಾರು ದೂರ ಕಲ್ಲಿನ ಮೇಲೆ ಕೂತಳು. ಅಲ್ಲಿಂದಲೇ ಗಟ್ಟಿಯಾಗಿ ಮಾತಾಡಬೇಕಾಯಿತು.

"ಗಣೆ ಸಿಕ್ಕೈತೆ. ನೀರಾಗೆ, ಕ್ಷೇಮವಾಗೈತೆ," ಎಂದಳು. ಗದ್ದಲ ತಣಿಯುವವರೆಗೆ ಕಾದಳು. "ಕದ್ದೋನು ತಲೆಗೆ ಮಿಂದು ಗುಡಿಗೆ ಹೋಗ್ಯಾನೆ, ನೆಲದ ಮ್ಯಾಲೆ ಹನಿ ಬಿದ್ದವೆ. ಎತ್ತಪ್ಪನ ತಲೆಯಾಗೆ ಒಣಹುಲ್ಲಿತ್ತು. ಜುಟ್ಟು ಹಿಡಿದೋನೇ ಹೇಳ್ಯಾನೆ, ಕೇಳ್ರಿ."

ಎಲ್ಲರ ಕಣ್ಣೂ ಸಣ್ಣತಿಮ್ಮಪ್ಪನ ಮೇಲೆ ಬಿದ್ದವು. ಅವನು ತಲೆಯಾಡಿಸಿದ.

"ಗಣೇನ ನೀರಿಗೆ ಕಟ್ಟಿ, ಬಿಸಿಲು ಬಿದ್ದ ಮ್ಯಾಲೆ ಚೀಲ ಹಿಡ್ಕಂಡು ಹಟ್ಟಿ ಕಡೆ ಬರ್ತಿದ್ದ. ಅಷ್ಟರಾಗೆ ಕಾಟಲಿಂಗಪ್ಪ ಕೂಗಿದ. ಎಲ್ಲಿ ಇಡೋದು ಅಂತ ಹೊಳೀಲಿಲ್ಲ. ಪಕ್ಕದಾಗೆ ಕಂಡ ಬೇಲಿಗೆ ಸಿಗಿಸಿದ. ಅದಕ್ಕೇ ಚೀಲದಾಗೆ ಇಬ್ಬನಿ ಇರಲಿಲ್ಲ. ಆ ಹೊತ್ತಿಗೆ ನೀವೆಲ್ಲ ಹುರುಳಿ ಹೊಲದಾಗಿದ್ರಿ, ಒಬ್ಬರ ಮಗ್ಗುಲಾಗೆ ಒಬ್ಬರು. ಹೊಲಕ್ಕೆ ಬರದೇ ಇದ್ದೋರು ನಾನು, ಬಾಣಂತಿ, ಕುರಿ ಜೊತೆ ಎತ್ತಪ್ಪ."

ಅವಳ ಕಣ್ಣು ಕಟ್ಟೆಯ ತುದಿಗೆ ಹೋಯಿತು.

"ಇನ್ನೊಬ್ಬರು ಬೆನ್ನು ನೋವು ಅಂತ ಮಲಗಿದ್ರು. ಬೆಳಗಿನಿಂದ ಹಟ್ಟಿಗೆ ಹಟ್ಟಿಯೇ ಗಣೆ ಹುಡುಕಿತು. ಅವರು ಮಾತ್ರ ಎದ್ದು ಒಂದು ಪೊದೆ ಸರಿಸಿ ನೋಡಲಿಲ್ಲ. ಕರು ಕಳ್ಕಂಡ ಹಸ ಹಿಂಗೆ ಕುಂತ್ಕಂತೈತಾ? ಜುಂಜಣ್ಣ, ತಲೆ ಮ್ಯಾಲಿನ ಟವೆಲು ತೆಗಿ."

ಜುಂಜಯ್ಯ ತಾನೇ ಟವೆಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. ಬಿಳಿಜುಟ್ಟು ಇನ್ನೂ ಒದ್ದೆಯಾಗಿ ಕತ್ತಿಗೆ ಅಂಟಿತ್ತು.

"ಐವತ್ತು ವರ್ಷ ಊದಿದೆ," ಎಂದ. "ಹೋದ ವಾರ ನೀವೆಲ್ಲ ಕುಂತು, ಅಜ್ಜಗೆ ಹಲ್ಲಿಲ್ಲ, ಪೆಟ್ಟಿಗೆ ಮುಂದೆ ಎತ್ತಪ್ಪ ಊದಲಿ ಅಂದ್ರಿ. ನನ್ನ ಎದುರಿಗೇ ಅಂದ್ರಿ. ಒಂದು ದಿನ ಗಣೆ ಕಾಣದಿದ್ರೆ ಪೆಟ್ಟಿಗೆಯವ್ನು ಹೋಗ್ತಾನೆ, ಸಂಜಿಗೆ ತಂದು ತೂಗಾಕಾಣ ಅಂತಿದ್ದೆ. ಇವನ ಮ್ಯಾಲೆ ಬರಲಿ ಅಂತ ಅಲ್ಲ."

"ಇವನ ಮ್ಯಾಲೆ ಬಂದಾಗ ಬಾಯಿ ಬಿಡಬಹುದಿತ್ತಲ್ಲ, ಅಜ್ಜ?" ಎಂದು ಕೇಳಿದ್ದು ಚಿತ್ತಮ್ಮನ ಗಂಡ.

ಜುಂಜಯ್ಯ ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡ.

ಕಾಟಲಿಂಗಪ್ಪ ಮುದುಕನ ಕಡೆ ತಿರುಗದೆ, "ಇವತ್ತಿಗೆ ನಿನ್ನ ಗಣೆ ಮುಗೀತು" ಎಂದಷ್ಟೇ ಅಂದ. ಆಮೇಲೆ ದನಿ ಮೆತ್ತಗೆ ಮಾಡಿಕೊಂಡ. "ಏಳಪ್ಪ ಎತ್ತಪ್ಪ. ಮಿಂದು ಗಣೆ ತಗಾ. ಪೆಟ್ಟಿಗೆಯವರು ಬರೋ ಹೊತ್ತಾತು. ಆಗಿದ್ದು ಆತು."

ಎತ್ತಪ್ಪ ಎದ್ದ. ಕಂಬಳಿ ಕೊಡವಿದ.

"ನೀವು ಎಳ್ಕಂಡು ಬಂದಿದ್ದು ಇರಲಿ, ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದೋನು ನನ್ನ ಮುಖ ನೋಡ್ದಂಗೆ ಕುಂತಿದ್ದ. ಅವನ ಬಾಯಿಂದಲೇ ನಾನು ಕಲ್ತಿದ್ದು. ಈಗ ಗಣೆಗೆ ತುಟಿ ಹಚ್ಚಿದ್ರೆ ಯಾರ ಉಸಿರು ಬರ್ತೈತೆ, ಕಾಟಲಿಂಗಣ್ಣ?"

"ಹಠ ಮಾಡಬ್ಯಾಡ ಕಣಪ್ಪ. ದೇವರ ಕೆಲಸ."

"ದೇವರು ಬೆಳಿಗ್ಗೆನೂ ಇದ್ದ."

ಅಷ್ಟು ಹೇಳಿ ಕುರಿಗಳ ಕಡೆ ನಡೆದ. ತಾಳ್ಯದ ಹತ್ತಿರ ಅವನ ಅಕ್ಕ ಇದ್ದಳು; ಕುರಿ ಹೊಡೆದುಕೊಂಡು ಅಲ್ಲಿಗೇ ಹೊರಟಿದ್ದ. ಯಲ್ಲಕ್ಕ ಬಾಣಂತಿಗೆ ಕಾಯಿಸಲು ಇಟ್ಟಿದ್ದ ನೀರು ನೋಡಲು ಎದ್ದು ಹೋದಳು.

ಎತ್ತಪ್ಪನವು ಅರವತ್ತು ಕುರಿ. ಹರಿಗೋಲಿಗೆ ಹತ್ತರಂತೆ ಆರು ಸಲ. ಮೊದಲ ಸಲವೇ ಆಚೆ ದಂಡೆಯಲ್ಲಿ ಮುರುಗೇಶಪ್ಪ ತನ್ನ ಪೆಟ್ಟಿಗೆಯ ಮೇಲೆ ಕೊಡೆ ಹಿಡಿದು ಕಾಯುತ್ತಿದ್ದ. "ಇವತ್ತು ಇಲ್ಲ ಸ್ವಾಮಿ" ಎಂದ ಸಣ್ಣತಿಮ್ಮಪ್ಪ. "ಮತ್ತ್ಯಾವಾಗ ಬರಲಪ್ಪ?" ಸಣ್ಣತಿಮ್ಮಪ್ಪ ಕುರಿ ಇಳಿಸಲು ಬಗ್ಗಿದ. ಮೂರನೆಯ ಸಲದ ಹೊತ್ತಿಗೆ ಮುರುಗೇಶಪ್ಪ ಹೊಸದುರ್ಗದ ಬಸ್ಸಿಗೆ ಹೊರಟುಹೋಗಿದ್ದ.

ಕೊನೆಯ ಸಲ ಎತ್ತಪ್ಪ ಹತ್ತಿದ. ನೀರಿನ ನಡುವೆ ಸಣ್ಣತಿಮ್ಮಪ್ಪ ಹುಟ್ಟು ನಿಲ್ಲಿಸಿದ. ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

"ಎತ್ತಪ್ಪ, ಬೆಳಿಗ್ಗೆ ನಾನು..."

"ಹುಟ್ಟು ಹಾಕು ಮಾವ. ಕುರಿ ಹೆದರ್ತವೆ."

ದಂಡೆ ಮುಟ್ಟಿತು. ಎತ್ತಪ್ಪ ಇಳಿದು ಕುರಿಗಳನ್ನು ಒಟ್ಟುಮಾಡಿದ. ಸಣ್ಣತಿಮ್ಮಪ್ಪ ಮತ್ತೆ ಬಾಯಿ ತೆರೆದ.

"ಒಂದಿಷ್ಟು ಎಣಿಸು ಮಾವ," ಎಂದ ಎತ್ತಪ್ಪ, ಮುಖ ತಿರುಗಿಸಿಕೊಂಡೇ. "ಒಂದು ಕಮ್ಮಿ ಕಂಡಂಗೈತೆ."

ಸಣ್ಣತಿಮ್ಮಪ್ಪ ಮೊಣಕಾಲುದ್ದ ನೀರಲ್ಲಿ ನಿಂತು ಬೆರಳು ಮಡಚುತ್ತ ಎಣಿಸಿದ. ಕುರಿಗಳು ಏರು ಹತ್ತತೊಡಗಿದ್ದವು. ಎರಡು ಸಲ ತಪ್ಪಿ ಮೊದಲಿನಿಂದ ಶುರುಮಾಡಿದ. ಅರವತ್ತೂ ಇದ್ದವು. ಹೇಳಬೇಕೆಂದು ತಲೆಯೆತ್ತಿದಾಗ ಏರಿನ ಮೇಲೆ ಧೂಳಿತ್ತು, ಎತ್ತಪ್ಪನಿರಲಿಲ್ಲ.