ತಿಮಿಂಗಿಲ ಮುಟ್ಟದೆ ಹೋಗುವಂತಿಲ್ಲ

ವಿಮಾನದ ಮೆಟ್ಟಿಲಿಳಿದು ಎಲ್ಲರಿಗಿಂತ ಕೊನೆಗೆ ಬಂದವನನ್ನು ಕಂಡು ಅಂಪಾರೊಗೆ ಮೈಯೆಲ್ಲ ಉರಿದುಹೋಯಿತು.

ಫೆರ್ಮಿನ್!

ಯಾವ ಮುಖ ಹೊತ್ತು ಬಂದ ಇವನು?

ಅತಿಥಿಗಳ ಹೆಸರು ಬರೆದ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿ ಅವಳು ನೇರ ಅವನೆದುರು ಹೋಗಿ ನಿಂತಳು.

"ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದು ಸಾಲಲಿಲ್ವಾ? ಹೇಗಿದ್ದೀವಿ ಅಂತ ನೋಡೋಕೂ ಬಂದ್ಯಾ?"

"ಅಂಪಾರೊ, ಒಂದು ಮಾತು..."

"ನಿನಗೂ ನನಗೂ ಮಾತಿಲ್ಲ. ಇವತ್ತಿಂದ ಈ ಊರಿಗೆ ನೀನೂ ಒಬ್ಬ ಅತಿಥಿ. ನಾಳೆ ಎಲ್ಲರ ಜೊತೆ ದೋಣಿ ಹತ್ತು, ತಿಮಿಂಗಿಲ ಮುಟ್ಟು, ಹೊರಡು."

ಕೋಪಕ್ಕೆ ಕಾರಣವಿತ್ತು. ಮೆಕ್ಸಿಕೋದ ಆ ಮರಳು ಕರಾವಳಿಯ ಎಲ್ ದತಿಲ್‌ಗೆ ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಅವುಗಳನ್ನು ನೋಡಲು ಜನರೂ ಬರಲಿ ಎಂದು ಹಟ ಹಿಡಿದು ವಿಮಾನ ತರಿಸಿದವನು ಇದೇ ಫೆರ್ಮಿನ್. ಇದೇ ಊರಿನ ಮೀನುಗಾರನ ಮಗ, ಈಗ ರಾಜಧಾನಿಯಲ್ಲಿ ವಿಮಾನ ಕಂಪನಿಯ ನೌಕರ. ಹೋಗುವ ಮುನ್ನ ದಡದಲ್ಲಿ ಅಂಪಾರೊಳ ಕೈ ಹಿಡಿದು, ವಿಮಾನ ಬರುತ್ತೆ, ಅದರ ಹಿಂದೆ ನಾನೂ ಬರ್ತೀನಿ ಎಂದಿದ್ದ.

ವಿಮಾನ ಬಂದಿತ್ತು. ಹೋಟೆಲುಗಳು ಎದ್ದವು, ಮೀನಿನ ದೋಣಿಗಳು ಪ್ರವಾಸಿಗರ ದೋಣಿಗಳಾದವು. ಈಗ ಮುಂದಿನ ತಿಂಗಳಿಂದ ಸೋಮವಾರ ಬೆಳಗಿನ ವಿಮಾನವಿಲ್ಲ ಎಂದು ಇವನ ಹೆಸರಿನಲ್ಲೇ ಸುದ್ದಿ ಬಂದಿದೆ. ಅದು ಬಿಟ್ಟರೆ ಊರಿನಿಂದ ಹೊರಡುವ ವಿಮಾನವೇ ಇಲ್ಲ! ಆಗಲೇ ಇಬ್ಬರು ದೋಣಿ ಮಾರಿ ದಕ್ಷಿಣದ ದೊಡ್ಡ ರೆಸಾರ್ಟುಗಳಲ್ಲಿ ತಟ್ಟೆ ಎತ್ತಲು ಹೋಗಿದ್ದಾರೆ. ಅಪ್ಪ ಬಿಟ್ಟುಹೋದ ದೋಣಿಗೆ ಅಂಪಾರೊ ಕೂಡ ಗಿರಾಕಿ ಹುಡುಕುತ್ತಿದ್ದಳು.

ಮರುದಿನ, ಭಾನುವಾರ, ಅವನು ನಿಜಕ್ಕೂ ದೋಣಿ ಹತ್ತಿದ. ಕೆನಡಾದ ಅಜ್ಜಿ ಮಾರ್ಜರಿಯ ಪಕ್ಕದಲ್ಲಿ ಕುಳಿತ. ಬೆಳಗಿನಿಂದಲೇ ಗಾಳಿ. ತಿಮಿಂಗಿಲಗಳನ್ನು ಅಟ್ಟಿಸಿಕೊಂಡು ಹೋಗುವಂತಿಲ್ಲ, ಅವು ತಾವಾಗಿಯೇ ದೋಣಿಯ ಹತ್ತಿರ ಬರಬೇಕು. ಒಂದೂ ಬರಲಿಲ್ಲ. ಅಜ್ಜಿಯ ಮುಖ ಸಪ್ಪಗಾಯಿತು.

ಎಲ್ ದತಿಲ್‌ನ ದೋಣಿಯವರಿಗೆ ಇದಕ್ಕಿಂತ ಅವಮಾನವಿಲ್ಲ. ದಡ ಸೇರಿದ್ದೇ ತಡ ಅಂಪಾರೊ ಯಾವತ್ತೂ ಹೇಳುವುದನ್ನೇ ಹೇಳಿದಳು. "ಮುಟ್ಟದೆ ಯಾರನ್ನೂ ಕಳಿಸಲ್ಲ ಅಮ್ಮ. ನಾಳೆಯ ವಿಮಾನ ಬಿಡಿ, ಟಿಕೆಟ್ ರದ್ದು ಮಾಡಿಸಿ. ಆಮೇಲೆ ಬಸ್ಸಲ್ಲಿ ಹೋದರಾಯ್ತು."

"ಇದೇ," ಎಂದ ಫೆರ್ಮಿನ್.

"ಏನು ಇದೇ?"

"ನಿನ್ನ ವಿಮಾನ ಕೊಂದಿದ್ದು ಇದೇ ಮಾತು. ಬರುವಾಗ ತುಂಬಿ ಬರುತ್ತೆ, ಹೋಗುವಾಗ ಅರ್ಧ ಖಾಲಿ. ನೀನೊಬ್ಬಳೇ ಅಲ್ಲ, ಊರಿನ ದೋಣಿಯವರೆಲ್ಲ ಹಿಡಿದು ನಿಲ್ಲಿಸ್ತೀರಿ. ಕಂಪನಿಗೆ ತಿಮಿಂಗಿಲ ಕಾಣಲ್ಲ ಕಣೇ, ಖಾಲಿ ಸೀಟು ಕಾಣುತ್ತೆ."

ಅವಳ ತಲೆಗೆ ರಕ್ತ ಏರಿತು. "ಓಹೋ, ತಪ್ಪು ನಮ್ಮದಾ? ಶನಿವಾರ ಸಂಜೆ ತಂದು ಸುರಿದು ಸೋಮವಾರ ಬೆಳಕು ಹರಿಯುವಾಗ ಎತ್ತಿಕೊಂಡು ಹೋದರೆ ಅವರಿಗೆ ಸಿಗೋದು ಒಂದೇ ಬೆಳಗು. ಆ ಬೆಳಗ್ಗೆ ಗಾಳಿ ಎದ್ದರೆ ನಾನೇನು ಮಾಡ್ಲಿ? ಕುರ್ಚೀಲಿ ಕೂತು ಸಮಯ ಬರೆದವನಿಗೆ ಇದು ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆ ಬೆಳಗಿನ ವಿಮಾನ ತೆಗೆಸಿದ್ದು ಅದಕ್ಕೇ. ಮುಂದಿನ ತಿಂಗಳಿಂದ ಸೋಮವಾರ ಸಂಜೆ ಹೊರಡುತ್ತೆ. ಎರಡು ಬೆಳಗು ಸಿಗುತ್ತೆ, ಅಂಪಾರೊ."

ಹಾಗಾದರೆ... ವಿಮಾನ ನಿಂತಿಲ್ಲವೇ? ಅಪ್ಪನ ದೋಣಿ ಮಾರಬೇಕಿಲ್ಲವೇ?

ಸಮಾಧಾನದ ಬದಲು ಇನ್ನಷ್ಟು ಸಿಟ್ಟು ಬಂತು. ಮೊದಲೇ ಬೊಗಳೋಕೆ ಏನಾಗಿತ್ತು ಎಂದು ಕೇಳಿದಳು. ಸಂಜೆಯದಕ್ಕೆ ಒಪ್ಪಿಗೆ ಸಿಕ್ಕಿದ್ದೇ ಶುಕ್ರವಾರ, ಆ ರಾತ್ರಿಯೆಲ್ಲ ಫೋನ್ ಮಾಡಿದೆ ಎಂದು ಅವನೂ ಸಿಟ್ಟಿನಿಂದಲೇ ಹೇಳಿದ. ಅವಳು ತೆಗೆದಿರಲಿಲ್ಲ. ತೆಗೆಯಬಾರದೆಂದೇ ಫೋನನ್ನು ದಿಂಬಿನಡಿ ತುರುಕಿ ಅತ್ತಿದ್ದಳು. ಅದನ್ನು ಇವನಿಗೆ ಹೇಳುತ್ತಾಳೆಯೇ?

"ಈಗ ನಾನು ಇರಬೇಕಾ, ಹೋಗಬೇಕಾ?" ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

"ಇರಿ!" ಎಂದಳು ಅಂಪಾರೊ. ಫೆರ್ಮಿನ್ ಹಣೆ ಚಚ್ಚಿಕೊಂಡ.

ಸೋಮವಾರ ಬೆಳಗ್ಗೆ ನೀರು ಅಲುಗದೆ ಮಲಗಿತ್ತು. ದೋಣಿಯಲ್ಲಿ ಅಜ್ಜಿ ಇದ್ದಳು, ಅವನೂ ಇದ್ದ. ಅವರ ತಲೆಯ ಮೇಲೆಯೇ ವಿಮಾನ ಹಾದುಹೋಯಿತು.

"ನಿನ್ನ ಸೀಟೂ ಖಾಲಿ ಹೋಯ್ತು ನೋಡು," ಎಂದು ಅಂಪಾರೊ ಅವನನ್ನು ಚುಚ್ಚಿದಳು.

"ನನಗೆ ಸೀಟಿರಲಿಲ್ಲ. ಇಲ್ಲಿನ ಕೌಂಟರಿಗೆ ವರ್ಗಾವಣೆ ಕೇಳಿಕೊಂಡು ಬಂದಿದ್ದೀನಿ. ವಿಮಾನದ ಹಿಂದೆ ನಾನೂ ಬರ್ತೀನಿ ಅಂದಿದ್ದೆ. ತಡವಾಯ್ತು."

ಅಂಪಾರೊ ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

ಅಷ್ಟರಲ್ಲಿ ದೋಣಿಯ ಪಕ್ಕದಲ್ಲೇ ತಾಯಿ ತಿಮಿಂಗಿಲ ಮೇಲೆದ್ದು ಉಸಿರು ಬಿಟ್ಟಿತು. ಮೂವರೂ ನೆನೆದರು. ಅಜ್ಜಿ ಎರಡೂ ಕೈ ಚಾಚಿ ಅದರ ಒರಟು ಮೈ ಸವರುತ್ತ ನಗುತ್ತ ಅತ್ತಳು.

ಫೆರ್ಮಿನ್ ಮಾತ್ರ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ಕುಳಿತಿದ್ದ.

"ಮುಟ್ಟೋ. ಕೈಗೇ ಬಂದಿದೆ."

"ಮುಟ್ಟಲ್ಲ."

"ಯಾಕೆ?"

"ಅತಿಥಿ ಅಂದೆಯಲ್ಲ. ಮುಟ್ಟಿದರೆ ಹೊರಡು ಅಂತೀಯ."

ಅವಳು ಎಂಜಿನ್ ಹಿಡಿ ಬಿಟ್ಟು ಬಂದು ಅವನ ಪಕ್ಕ ಕುಳಿತಳು.

"ಕೋಪ ಇಳಿದಿಲ್ಲ ನಂಗೆ," ಎಂದಳು.

"ಗೊತ್ತು."

"ಹಾಗಾದರೆ ಮುಟ್ಟಬೇಡ," ಎಂದು ಅವನ ಒದ್ದೆ ಕೈಯನ್ನು ಎಳೆದು ತನ್ನ ಕೈಯೊಳಗೆ ಬಿಗಿಯಾಗಿ ಹಿಡಿದುಕೊಂಡಳು.