ನಾಲ್ಕನೇ ಟ್ರ್ಯಾಕ್

ನೀವು ನಂಬಲೇಬೇಕೆಂದು ಹೇಳುತ್ತಿಲ್ಲ. ನನ್ನ ಕಿವಿಯನ್ನು ನಾನೇ ನಂಬಿಲ್ಲ.

ಇಂಗ್ಲೆಂಡಿನ ಕವೆಂಟ್ರಿಯ ನಮ್ಮ ಸೈಕೆಡೆಲಿಕ್ ರಾಕ್ ತಂಡ ಅರವತ್ತೆಂಟರಲ್ಲಿ ಒಂದೇ ಒಂದು ಎಲ್ಪಿ ರೆಕಾರ್ಡು ಮಾಡಿತು. ನಾನು ಬೇಸ್ ಗಿಟಾರ್, ಕ್ಲೈವ್ ಆರ್ಗನ್. ಟೇಪಿನಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕು, ಒಂದೊಂದು ವಾದ್ಯಕ್ಕೆ ಒಂದೊಂದು. ಹೊಸದು ಸೇರಿಸಬೇಕಾದರೆ ಹಳೆಯದೊಂದನ್ನು ಅಳಿಸಬೇಕಿತ್ತು. ಆಗ ಎಲ್ಲರಿಗೂ ಸಿತಾರಿನ ಹುಚ್ಚು. ಕ್ಲೈವ್ ಆಸ್ಪತ್ರೆಯಲ್ಲಿದ್ದಾಗ ಅವನ ಆರ್ಗನ್ ಅಳಿಸಿ ಸಿತಾರ್ ತುಂಬಿದೆವು. ಗುಂಡಿ ಒತ್ತಿದ ಕೈ ನನ್ನದು. ಅವನು ಹಾಸಿಗೆಯಿಂದ ಏಳಲೇ ಇಲ್ಲ. ಎಲ್ಪಿಯನ್ನು ಯಾರೂ ಮೂಸಿ ನೋಡಲಿಲ್ಲ.

ಹೋದ ವರ್ಷ ಯಾವುದೋ ಕಂಪನಿ ಅದನ್ನು ಮತ್ತೆ ಹೊರತರಲು ಹೊರಟಿತು. ಜೂನ್ ತಿಂಗಳ ಮಧ್ಯಾಹ್ನ, ಧ್ವನಿ ತಂತ್ರಜ್ಞೆ ಗ್ಲೆನಿಸ್ ಸ್ಟುಡಿಯೋದಲ್ಲಿ ಆ ಹಳೆಯ ಟೇಪ್ ಹಾಕಿದಳು.

"ನಾರ್ಮನ್, ನಾಲ್ಕನೇದು ಸಿತಾರ್ ಅಂದ್ರಲ್ಲ, ಇದು ಆರ್ಗನ್ನು. ನುಡಿಸೋಕೆ ಮುಂಚೆ ಯಾರೋ ಉಫ್ ಉಫ್ ಅಂತ ಊದ್ತಿದಾರೆ, ಕೇಳಿ."

ಚಳಿಗೆ ಸೆಟೆದ ಬೆರಳುಗಳಿಗೆ ಊದಿಕೊಂಡೇ ಕ್ಲೈವ್ ನುಡಿಸುತ್ತಿದ್ದದ್ದು. ಹೆಡ್‌ಫೋನು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಯಾರಿದು? ಕವರ್ ಮೇಲೆ ಹೆಸರು ಹಾಕ್ಬೇಕಲ್ಲ."

"ಯಾರೂ ಅಲ್ಲ, ಬಿಡು," ಅಂದೆ.

ಅವಳು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು. ಈ ಸಲ ಆ ಉಸಿರು ನನ್ನ ಬಲಗಿವಿಯ ಹತ್ತಿರವೇ ಇತ್ತು. ಆರ್ಗನ್ ಜೋರಾಗಿತ್ತು. ಗ್ಲೆನಿಸ್ ನನ್ನ ಬೇಸಿನ ಸದ್ದು ತೋರಿಸುವ ಎರಡನೇ ಮೀಟರಿನ ಗಾಜನ್ನು ಬೆರಳಿಂದ ತಟ್ಟಿದಳು, ಮುಳ್ಳು ಅಲ್ಲಾಡಲಿಲ್ಲ.

"ನಿಮ್ಮ ಬೇಸ್ ಎಲ್ಲಿ ಹೋಯ್ತು? ಈಗ್ತಾನೆ ಇತ್ತಲ್ರೀ!"

ನಾನು ಹೆಡ್‌ಫೋನು ಕಳಚಿಟ್ಟು ಎದ್ದು ಬಂದೆ. ಅದೇ ಸಂಜೆ ಮನೆಯಲ್ಲಿ, ಐವತ್ತು ವರ್ಷದಿಂದ ಕಪಾಟಿನಲ್ಲೇ ಇದ್ದ ನನ್ನ ಹಳೆಯ ಎಲ್ಪಿಯನ್ನು ಹಾಕಿ ಕೇಳಿದೆ.

ಅದರಲ್ಲೂ ನಾನಿಲ್ಲ.