ಹನ್ನಾಳ ಅಮ್ಮನಿಗೆ ನೀರು

“ಕುದುರೆಗಳಿಗೆಲ್ಲ ಹೆಸರಿದೆಯಲ್ಲ ಅಜ್ಜಿ!” ಹಳೇ ಕುದುರೆ ಲಾಯದ ಹಲಗೆ ಓದುತ್ತ ಕೆಜಾಯಾ ಕಿರುಚಿದಳು. “ಸುಲ್ತಾನ್, ಜ್ಯೂನೊ, ಲೇಡಿ ಬೆಟ್ಸಿ... ಲೇಡಿ ಬೆಟ್ಸಿಯ ಅಮ್ಮನ ಹೆಸರೂ ಬರ್ದಿದಾರೆ!”

“ಮೆಲ್ಲಗೆ ಮಾತಾಡೇ, ಊರಿಗೆಲ್ಲ ಕೇಳ್ಸುತ್ತೆ,” ಎಂದರು ಅರ್ನೆಸ್ಟೀನ್ ಅಜ್ಜಿ. ಆದರೆ ಅವರೂ ಆ ಹಲಗೆಯಿಂದ ಕಣ್ಣು ತೆಗೆಯಲಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ಈಗ ಮ್ಯೂಸಿಯಂ ಆಗಿರುವ ಈ ಬಂಗಲೆಯ ಹಳೇ ಧಣಿ ಸಾಮಾನ್ಯನಲ್ಲ. ದೇಶ ಕಟ್ಟಿದವರಲ್ಲಿ ಒಬ್ಬ ಎಂದು ಶಾಲೆಯ ಪುಸ್ತಕದಲ್ಲಿ ಅವನ ಚಿತ್ರವೇ ಇದೆ. ಎಲ್ಲರಿಗೂ ಸ್ವಾತಂತ್ರ್ಯ ಬೇಕು ಎಂದು ಭಾಷಣ ಬಿಗಿದ ಮಹಾನುಭಾವ, ತನ್ನ ಹೊಗೆಸೊಪ್ಪಿನ ಹೊಲದಲ್ಲಿ ಮಾತ್ರ ಗುಲಾಮರನ್ನು ದುಡಿಸುತ್ತಿದ್ದ. ಕೆಜಾಯಾಳ ಹಿರಿಯರೂ ಅವರಲ್ಲಿದ್ದರು.

ಪ್ರತಿ ಬೇಸಿಗೆಯಲ್ಲೂ ಅವಳ ಮನೆತನದವರೆಲ್ಲ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಒಟ್ಟು ಸೇರುತ್ತಾರೆ. ಈ ಸಲ ಸೇರಿದ್ದು ಇಲ್ಲೇ, ಬಂಗಲೆಯ ಹಿಂದಿನ ಓಕ್ ಮರದಡಿ. ಊಟಕ್ಕೆ ಮುಂಚೆ ಒಬ್ಬರು ಹೂಜಿಯಿಂದ ನೆಲಕ್ಕೆ ನೀರು ಬಿಡುತ್ತ ಹಿರಿಯರ ಹೆಸರು ಕೂಗಬೇಕು. ಒಂದು ಹೆಸರು ಮುಗಿದ ಕೂಡಲೇ ಧಾರೆ ನಿಲ್ಲಿಸಬೇಕು. ಹತ್ತು ತುಂಬಿದ ಕೆಜಾಯಾಳಿಗೆ ಈ ವರ್ಷ ಆ ಕೆಲಸ.

ಹೆಸರುಗಳು ಶುರುವಾಗುವುದು ಗೊತ್ತಿರುವವರಲ್ಲೇ ಹಿರಿಯಳಾದ ಹನ್ನಾಳಿಂದ. ಹನ್ನಾಳ ಅಮ್ಮ ಈ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಆ ಅಮ್ಮನ ಹೆಸರು ಯಾರಿಗೂ ಗೊತ್ತಿಲ್ಲ. “ಸಾಯೋದ್ರೊಳಗೆ ಅದೊಂದು ತಿಳ್ಕೋಬೇಕು ಕಣೇ,” ಎಂದು ಅಜ್ಜಿ ಎಷ್ಟು ಸಲ ಹಂಬಲಿಸಿದ್ದರೋ! ಇಲ್ಲಿ ಸಿಕ್ಕೇ ಸಿಗುತ್ತದೆ ಎಂದು ಕೆಜಾಯಾ ವಾರದಿಂದ ಕುಣಿಯುತ್ತಿದ್ದಳು.

ಬಂಗಲೆಯ ಗೈಡ್ ಮಿಸ್ ವಿಟ್ಲೊ ಅಜ್ಜಿಯನ್ನೂ ಮಕ್ಕಳನ್ನೂ ಒಳಗೆ ಕರೆದು ಧಣಿಯ ಕೈಬರಹದ ಪುಟ ತೋರಿಸಿದರು. ‘ಅಡುಗೆಯವಳು. ಅವಳ ಮಗು ಹನ್ನಾ.’ ಅಷ್ಟೇ.

“ಹೆಸರು?”

“ಬರ್ದಿಲ್ಲ ಪುಟ್ಟಿ. ನಾನೂ ಎಲ್ಲ ಕಡೆ ಹುಡುಕ್ದೆ.”

ದಿನಾ ಅವಳ ಕೈಯಡುಗೆ ಉಂಡವನಿಗೆ ಅವಳ ಹೆಸರು ಬರೆಯಲು ಏನಾಗಿತ್ತು ಧಾಡಿ! ಅಜ್ಜಿ ಹೊರಗೆ ನಡೆದರು.

“ಅದಕ್ಯಾಕೆ ಮುಖ ಊದಿಸ್ತೀಯ?” ಎಂದ ದೊಡ್ಡಪ್ಪನ ಮಗ ಟೆರೆಲ್. “ಮೇರಿ ಅಂತ ಕೂಗ್ಬಿಡು. ಯಾರಿಗೆ ಗೊತ್ತಾಗುತ್ತೆ?”

“ಅವಳಿಗೆ ಗೊತ್ತಾಗುತ್ತೆ ಕಣೋ!”

ಮರದಡಿ ಎಲ್ಲರೂ ಸುತ್ತ ನಿಂತರು. ಕೆಜಾಯಾ ಹೂಜಿ ಬಗ್ಗಿಸಿದಳು. ನೀರು ಬಿತ್ತು, ಬಾಯಿಂದ ಹೆಸರು ಬರಲಿಲ್ಲ.

“ಹನ್ನಾ ಅನ್ನೇ,” ಟೆರೆಲ್ ಪಿಸುಗುಟ್ಟಿದ.

ಅವಳು ಅನ್ನಲಿಲ್ಲ. ಹನ್ನಾಳ ಅಮ್ಮ ಹೇಗಿದ್ದಳೋ, ಯಾರು ಏನೆಂದು ಕರೆಯುತ್ತಿದ್ದರೋ! ಒಂದೇ ಒಂದು ಸಲ ತಾನೂ ಕರೆಯಬೇಕು ಅನ್ನಿಸಿತು. ಧಾರೆ ಬೀಳುತ್ತಲೇ ಇತ್ತು. ಹೂಜಿ ಬರಿದಾಯಿತು.

“ಎಲ್ಲಾ ಖಾಲಿ ಮಾಡಿದ್ಯಲ್ಲೇ! ಉಳಿದವ್ರಿಗೆ?” ಎಂದ ಟೆರೆಲ್.

“ಹೆಸರೇ ಇಲ್ವಲ್ಲ, ಎಲ್ಲಿ ನಿಲ್ಸೋದು?” ಕೆಜಾಯಾ ಅತ್ತೇಬಿಟ್ಟಳು.

ಅಜ್ಜಿ ಕಣ್ಣೊರೆಸಿಕೊಂಡು ಹೂಜಿಯನ್ನು ಟೆರೆಲ್ ಕೈಗಿತ್ತರು. “ಹೋಗಪ್ಪ, ತುಂಬಿಸ್ಕೊಂಡು ಬಾ. ಹನ್ನಾ ಸ್ವಲ್ಪ ಕಾಯ್ಲಿ. ಅವಳಮ್ಮ ಬಂದಿರೋದು ಇದೇ ಮೊದಲ್ನೇ ಸಲ.”

ಕೆಜಾಯಾ ಒದ್ದೆ ಮಣ್ಣಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಆ ಅಮ್ಮನಿಗೆ ಜಾಗ ಬಿಟ್ಟಳು.